ಹಳೆ ಕಾರಿನ ವಯಸ್ಸು ಮೀಟರಿನಲ್ಲಿಲ್ಲ

ಹಳೆ ಕಾರು ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಓಡಿದೆ?’ ಮಾರುವವರು ಹೇಳುವ ಮೊದಲ ಮಾತೂ ಅದೇ. ‘ಹನ್ನೆರಡು ವರ್ಷದ ಗಾಡಿ, ಫಸ್ಟ್ ಓನರ್, ಬರೀ 38 ಸಾವಿರ ಕಿಲೋಮೀಟರ್.’ ಇಷ್ಟು ಕೇಳಿದ ಕೂಡಲೇ ಮನಸ್ಸು ಅರ್ಧ ಒಪ್ಪಿಬಿಡುತ್ತದೆ. ಆದರೆ ಡಿಜಿಟಲ್ ಮೀಟರಿನಲ್ಲಿ ಕಿಲೋಮೀಟರ್ ಲೆಕ್ಕ ಇರುವುದು ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿ. ಅದನ್ನು ತಿದ್ದುವ ಉಪಕರಣ ಇದ್ದವರಿಗೆ ಮೀಟರ್ ಹಿಂದಕ್ಕೆ ತಿರುಗಿಸುವುದು ದೊಡ್ಡ ಕೆಲಸವಲ್ಲ. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಆ ಸಂಖ್ಯೆ ನಿಜವೇ ಆಗಿದ್ದರೂ ಅದರಿಂದ ಕಾರಿನ ಆರೋಗ್ಯ ತಿಳಿಯುವುದಿಲ್ಲ.

ಕಡಿಮೆ ಓಡಿದ್ದರೆ ಒಳ್ಳೆಯ ಕಾರು ಎಂದೇ ನಾವೆಲ್ಲ ನಂಬಿದ್ದೇವೆ, ಅಲ್ವಾ? ಎಂಜಿನ್ ಒಳಗೆ ಏನು ನಡೆಯುತ್ತದೆ ಎಂದು ನೋಡಿದರೆ ಈ ನಂಬಿಕೆ ಸಡಿಲವಾಗುತ್ತದೆ. ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು, ಆವಿಯ ರೂಪದಲ್ಲಿ. ಇದರಲ್ಲಿ ಬಹುಪಾಲು ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ಸುತ್ತ ಸೋರಿಕೆ ತಡೆಯುವ ರಿಂಗ್‌ಗಳ ಸಂದಿಯಲ್ಲಿ ನುಸುಳಿ ಕೆಳಗಿನ ಎಂಜಿನ್ ಆಯಿಲ್ ಸೇರುತ್ತದೆ. ಎಂಜಿನ್ ತಣ್ಣಗಿದ್ದರೆ ಉರಿಯದೆ ಉಳಿದ ಪೆಟ್ರೋಲ್ ಕೂಡ ಜೊತೆಗೆ ಇಳಿಯುತ್ತದೆ. ಕಾರು ಚೆನ್ನಾಗಿ ಬಿಸಿಯಾಗಿ ಅರ್ಧ ಗಂಟೆ ಓಡಿದರೆ ಎರಡೂ ಆವಿಯಾಗಿ ಹೊರಟುಹೋಗುತ್ತವೆ. ಮನೆಯಿಂದ ಮಾರ್ಕೆಟ್‌ಗೆ, ಮಾರ್ಕೆಟ್‌ನಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಕಾರಿಗೆ ಆ ಅವಕಾಶವೇ ಸಿಗುವುದಿಲ್ಲ. ಆಯಿಲ್ ಬಿಸಿಯಾಗುವ ಮೊದಲೇ ಕಾರು ನಿಲ್ಲುತ್ತದೆ. ನೀರು, ಪೆಟ್ರೋಲ್, ಅವು ಸೇರಿ ಹುಟ್ಟುವ ಆಮ್ಲ ಎಲ್ಲ ಒಳಗೇ ಉಳಿದು ಆಯಿಲ್ ಜಿಗುಟು ಮಡ್ಡಿಯಾಗುತ್ತದೆ. ಸಣ್ಣ ಆಯಿಲ್ ದಾರಿಗಳು ಕಟ್ಟಿಕೊಳ್ಳುತ್ತವೆ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ಒಂದೂಕಾಲು ಲಕ್ಷ ಕಿಲೋಮೀಟರ್ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಬಿಲ್‌ಗಳೆಲ್ಲ ಇರುವ ಕಾರು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಬಿಲ್ ಇಲ್ಲದ 38 ಸಾವಿರದ ಕಾರು ಬೇಡ.

ಹಾಗಾದರೆ ಎಂಜಿನ್ನಿನ ನಿಜ ಸ್ಥಿತಿ ತಿಳಿಯುವುದು ಯಾವಾಗ? ಬೆಳಿಗ್ಗೆ, ರಾತ್ರಿಯೆಲ್ಲ ನಿಂತ ಕಾರನ್ನು ಮೊದಲ ಸಲ ಸ್ಟಾರ್ಟ್ ಮಾಡುವಾಗ. ಈ ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ‘ಇನ್ನೊಂದು ದಿನ ಬರ್ತೀನಿ, ಸ್ಟಾರ್ಟ್ ಮಾಡದೆ ಇಟ್ಟಿರಿ’ ಎಂದು ಹೇಳಿ ಬನ್ನಿ. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ಸವೆದ ಭಾಗಗಳ ನಡುವಿನ ಸಂದು ಕಡಿಮೆಯಾಗುತ್ತದೆ, ಗಟ್ಟಿಯಾದ ರಬ್ಬರ್ ಮೆತ್ತಗಾಗುತ್ತದೆ. ಹೀಗೆ ಅನೇಕ ದೋಷಗಳನ್ನು ಬಿಸಿ ಮುಚ್ಚಿಹಾಕುತ್ತದೆ.

ಒಂದು ಉದಾಹರಣೆ ನೋಡಿ. ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲುಗಳಾದ ವಾಲ್ವ್‌ಗಳ ಮೇಲೆ ಪುಟ್ಟ ರಬ್ಬರ್ ಸೀಲ್‌ಗಳಿರುತ್ತವೆ. ವರ್ಷಗಳ ಬಿಸಿಗೆ ಅವು ಗಟ್ಟಿಯಾಗಿ ಬಿಗಿ ಕಳೆದುಕೊಳ್ಳುತ್ತವೆ. ರಾತ್ರಿ ನಿಂತ ಕಾರಿನಲ್ಲಿ ಆಯಿಲ್ ಹನಿಹನಿಯಾಗಿ ಸಿಲಿಂಡರಿನೊಳಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕ್ಷಣ ಅದು ಉರಿದು ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತುಹೋಗುತ್ತದೆ. ಹತ್ತು ಗಂಟೆಗೆ ಹೋದವರಿಗೆ ಇದು ಕಾಣುವುದೇ ಇಲ್ಲ. ಓಡುವಾಗಲೂ ನೀಲಿ ಹೊಗೆ ಬರುತ್ತಲೇ ಇದ್ದರೆ, ಅದರಲ್ಲೂ ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾದರೆ, ರಿಂಗ್‌ಗಳ ಮೇಲೆ ಅನುಮಾನ ಪಡಬೇಕು. ಪೆಟ್ರೋಲ್ ಕಾರಿನಲ್ಲಿ ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚಾಗಿ ಹೋಗುತ್ತಿದೆ ಎಂದರ್ಥ. ಇದು ಸಾಮಾನ್ಯವಾಗಿ ಇವೆಲ್ಲಕ್ಕಿಂತ ಕಡಿಮೆ ಖರ್ಚಿನ ರಿಪೇರಿ.

ಬಿಳಿ ಹೊಗೆ ಕಂಡು ಎಲ್ಲರೂ ಹೆದರುತ್ತಾರೆ. ಡಿಸೆಂಬರ್ ಬೆಳಿಗ್ಗೆ ಬರುವ ತೆಳು ಬಿಳಿ ಆವಿ ಮೇಲೆ ಹೇಳಿದ ನೀರೇ, ಕೆಲವು ನಿಮಿಷದಲ್ಲಿ ಮಾಯವಾಗುತ್ತದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದು, ಸಿಹಿ ವಾಸನೆ ಇದ್ದರೆ ಮಾತ್ರ ಎಂಜಿನ್ ತಂಪಾಗಿಡುವ ದ್ರವವಾದ ಕೂಲಂಟ್ ಉರಿಯುತ್ತಿದೆ ಎಂದು ತಿಳಿಯಿರಿ. ಅಂದರೆ ಬಹುಶಃ ಹೆಡ್ ಗ್ಯಾಸ್ಕೆಟ್ ಹೋಗಿದೆ. ಸಿಲಿಂಡರ್‌ಗಳಿರುವ ಕೆಳಭಾಗ ಬ್ಲಾಕ್, ಅದರ ಮೇಲಿನ ಮುಚ್ಚಳದಂಥ ಭಾಗ ಹೆಡ್, ಎರಡರ ನಡುವೆ ಸೋರದಂತೆ ಕೂರಿಸಿದ ತೆಳು ಹಾಳೆಯೇ ಗ್ಯಾಸ್ಕೆಟ್. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್ ಇರುವ ಎಂಜಿನ್‌ಗಳಲ್ಲಿ ನಡುವಿನ ಗ್ಯಾಸ್ಕೆಟ್ ಪ್ರತಿ ಸಲವೂ ಈ ಎಳೆದಾಟ ತಡೆಯಬೇಕು. ಒಮ್ಮೆ ಎಂಜಿನ್ ಓವರ್‌ಹೀಟ್ ಆದರೆ ಹೆಡ್ಡೇ ಸೊಟ್ಟಗಾಗಬಹುದು. ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ ತಣ್ಣಗಿರುವಾಗಲೇ, ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಬಿಸಿಯಿದ್ದಾಗ ಖಂಡಿತ ತೆಗೆಯಬೇಡಿ. ಒಳಗಿನ ಒತ್ತಡದಿಂದ ಅಲ್ಲಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಕುದಿದು ಮುಖಕ್ಕೇ ಚಿಮ್ಮುತ್ತದೆ. ಒಳಗೆ ಹಸಿರೋ ಗುಲಾಬಿಯೋ ಸ್ವಚ್ಛ ಬಣ್ಣ ಕಾಣಬೇಕು. ತುಕ್ಕಿನ ಬಣ್ಣದ ನೀರಿದ್ದರೆ ಯಾರೋ ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿರಬಹುದು, ಒಳಗೆಲ್ಲ ಉಪ್ಪು ಕಟ್ಟಿರಬಹುದು. ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಹಾಲು ಕಾಫಿಯಂಥ ನೊರೆ ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಮುಚ್ಚಳದಲ್ಲಿ ಮಾತ್ರ ಸ್ವಲ್ಪ ಇದ್ದರೆ ಅದು ಸಣ್ಣ ಓಡಾಟದ ಗುರುತಾಗಿರಬಹುದು. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲೂ ಅದೇ ಕಂಡರೆ ಆ ಕಾರು ಬಿಡಿ.

ಅನುಮಾನ ಇನ್ನೂ ಉಳಿದಿದ್ದರೆ ಮೆಕ್ಯಾನಿಕ್‌ಗೆ ಹೇಳಿ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ಜಾಗಕ್ಕೆ ಒತ್ತಡದ ಮೀಟರ್ ಹಾಕಿ, ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸುತ್ತಾರೆ. ಎಷ್ಟು ಬಂತು ಎನ್ನುವುದಕ್ಕಿಂತ ಎಲ್ಲ ಸಿಲಿಂಡರ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ಬಂತಾ ಎನ್ನುವುದು ಮುಖ್ಯ. ಒಂದರಲ್ಲಿ ಮಾತ್ರ ತೀರಾ ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಆಯಿಲ್ ರಿಂಗ್‌ಗಳ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಈಗ ಒತ್ತಡ ಏರಿದರೆ ರಿಂಗ್ ಸವೆದಿದೆ, ಎಂಜಿನ್ ಇಳಿಸುವ ಕೆಲಸ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್, ಹೆಡ್ ಬಿಚ್ಚಿದರೆ ಸಾಕು. ಇಷ್ಟು ಸರಳ ಪರೀಕ್ಷೆಯಿಂದ ಇಷ್ಟು ನಿಖರ ಉತ್ತರ ಸಿಗುವುದು ನನಗೆ ಈಗಲೂ ಬಹಳ ಇಷ್ಟದ ವಿಷಯ.

ಕಿಲೋಮೀಟರಿಗೆ ಸಂಬಂಧವೇ ಇಲ್ಲದೆ ಹಳತಾಗುವ ವಸ್ತುಗಳೂ ಕಾರಿನಲ್ಲಿವೆ. ರಬ್ಬರನ್ನು ಗಾಳಿಯ ಆಮ್ಲಜನಕ ಮತ್ತು ಓಝೋನ್ ನಿಂತಲ್ಲೇ ಬಿರುಕು ಬಿಡಿಸುತ್ತವೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹೂವು, ಅಂದರೆ ನೆಲಕ್ಕೆ ತಾಗುವ ಕಡೆಯ ಅಚ್ಚು, ಚೆನ್ನಾಗಿ ಉಳಿದಿದ್ದರೂ ಎಂಟು ವರ್ಷದ ಟೈರನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ, ನಾಲ್ಕು ಟೈರ್‌ಗಳ ಬೆಲೆ ಕಳೆದೇ ಚೌಕಾಸಿ ಮಾಡಬೇಕು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಕೆಲವು ಬಗೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಆದ್ದರಿಂದ ಪೆಟ್ರೋಲ್ ಪೈಪ್‌ಗಳನ್ನು ಮುಟ್ಟಿ, ವಾಸನೆ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದ ಮೇಲೆ ಈ ಮಿತಿ 140 ಡಿಗ್ರಿ. ಊರೊಳಗೆ ಇದು ಗೊತ್ತಾಗುವುದಿಲ್ಲ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಕಾದು, ಆಯಿಲ್ ಕುದಿದು ಆವಿಯಾಗಿ, ಪೆಡಲ್ ಸೀದಾ ಕೆಳಗೆ ಹೋದಾಗ ಗೊತ್ತಾಗುತ್ತದೆ.

ಕಾರು ಯಾವ ಊರಿನದು ಎಂದು ತಪ್ಪದೆ ಕೇಳಿ. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿ ಉಪ್ಪಿದೆ. ತುಕ್ಕು ಹಿಡಿಯುವುದು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ, ಉಪ್ಪು ಸೇರಿದ ತೇವದಲ್ಲಿ ಅದು ಜೋರಾಗಿ ನಡೆಯುತ್ತದೆ. ಗಾಡಿಯನ್ನು ರ‍್ಯಾಂಪ್ ಹತ್ತಿಸಿ ಅಡಿಭಾಗ, ಜಾಕ್ ಕೊಡುವ ಜಾಗ, ಬಾಗಿಲುಗಳ ಕೆಳಅಂಚು ನೋಡಿ. ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಇನ್ನಷ್ಟು ಹತ್ತಿರದಿಂದ ನೋಡಿ. 2015ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದಾಗ ಕಾರುಗಳೂ ಮುಳುಗಿದ್ದವು. ಸೀಟು ತೊಳೆಯಬಹುದು, ಆದರೆ ವೈರ್ ಕನೆಕ್ಟರ್‌ಗಳ ಒಳಗೆ ತಾಮ್ರ ತಿಂಗಳುಗಟ್ಟಲೆ ಕೊಳೆಯುತ್ತಲೇ ಇರುತ್ತದೆ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆದರೆ ಕೆಸರಿನ ಗೆರೆ ಸಿಗಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೂ ನೋಡಿ.

ಪೇಂಟ್ ದಪ್ಪ ಅಳೆಯುವ ಸಣ್ಣ ಮೀಟರ್ ಕೆಲವು ಗ್ಯಾರೇಜ್‌ಗಳಲ್ಲಿರುತ್ತದೆ. ಕಾಂತಕ್ಷೇತ್ರದ ಮೂಲಕ ಅದು ತನ್ನ ತುದಿಯಿಂದ ಉಕ್ಕಿನ ತಗಡಿಗೆ ಇರುವ ದೂರ ಹೇಳುತ್ತದೆ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದ ಜಾಗದಲ್ಲಿ ಅದು ಹಲವು ಪಟ್ಟು ಏರುತ್ತದೆ. ಬಾಗಿಲು, ಫೆಂಡರ್ ಮರುಪೇಂಟ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಟ್ರಾಫಿಕ್‌ನಲ್ಲಿ ಗೀರು ಬೀಳದ ಕಾರು ಅಪರೂಪ. ಚಾವಣಿಯಲ್ಲೂ ಮುಂದಿನ ಗಾಜಿನ ಎರಡೂ ಕಡೆಯ ಕಂಬಗಳಲ್ಲೂ ದಪ್ಪ ಬಂದರೆ ಅದು ದೊಡ್ಡ ಅಪಘಾತದ ಗುರುತು.

ಕಾಗದದ ವಿಷಯ ಚುಟುಕಾಗಿ ಹೇಳುತ್ತೇನೆ. ಆರ್‌ಸಿಯ ಎಂಜಿನ್, ಚಾಸಿ ನಂಬರ್ ಕಾರಿನದ್ದಕ್ಕೆ ಹೊಂದಬೇಕು. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಬೇಕು. ಬೇರೆ ರಾಜ್ಯದ ಕಾರಾದರೆ ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಹನ್ನೆರಡು ವರ್ಷದ ಕಾರಿಗೆ ಉಳಿದಿರುವುದು ಮೂರೇ ವರ್ಷ, ಆಮೇಲೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಿ ನವೀಕರಿಸಬೇಕು.

ಕೊನೆಯದಾಗಿ ಸ್ಕ್ಯಾನರ್. ಸುಮಾರು ಕಳೆದ ಹತ್ತು ವರ್ಷಗಳ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಒಬಿಡಿ ಪೋರ್ಟ್, ಅಂದರೆ ಕಾರಿನ ದೋಷ ಓದುವ ಉಪಕರಣ ಸಿಕ್ಕಿಸುವ ಜಾಗ, ಇರುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷಗಳು ಮೊಬೈಲ್‌ನಲ್ಲಿ ಕಾಣುತ್ತವೆ. ಮಾರುವ ಮುಂಚೆ ಅವನ್ನೆಲ್ಲ ಅಳಿಸಿಬಿಡಬಹುದಲ್ಲ ಎನ್ನಬಹುದು. ನಿಜ, ಅಳಿಸಬಹುದು. ಆದರೆ ಅಳಿಸಿದ ಕೂಡಲೇ ಆಕ್ಸಿಜನ್ ಸೆನ್ಸರ್, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮುಂತಾದವುಗಳ ಸ್ವಯಂ ಪರೀಕ್ಷೆಗಳೂ ಮೊದಲಿನಿಂದ ಶುರುವಾಗಬೇಕು. ಅವು ಮುಗಿಯುವವರೆಗೆ ಸ್ಕ್ಯಾನರ್ ‘ನಾಟ್ ರೆಡಿ’ ಎಂದೇ ತೋರಿಸುತ್ತದೆ. ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಅನೇಕ ಕಾರುಗಳು ಹೇಳುತ್ತವೆ. ಬ್ಯಾಟರಿ ಬಿಚ್ಚಿದ್ದರೂ ಹೀಗಾಗುವುದುಂಟು, ಹಾಗಾಗಿ ಇದನ್ನು ಕಂಡ ಕೂಡಲೇ ಮಾರುವವರ ಮೇಲೆ ಸುಮ್ನೆ ಆರೋಪ ಹೊರಿಸಬೇಡಿ. ಅಡ್ವಾನ್ಸ್ ಕೊಡದೆ, ಒಂದು ವಾರ ಕಾರನ್ನು ದಿನವೂ ಓಡಿಸಲು ಹೇಳಿ. ಆಮೇಲೆ ಇನ್ನೊಂದು ಬೆಳಿಗ್ಗೆ ಹೋಗಿ ಸ್ಕ್ಯಾನರ್ ಹಾಕಿ. ಪರೀಕ್ಷೆಗಳೆಲ್ಲ ಮುಗಿದು, ಹೊಸ ದೋಷ ಯಾವುದೂ ಇಲ್ಲದಿದ್ದರೆ ಬೆಲೆಯ ಮಾತು ಶುರುಮಾಡಬಹುದು.