ಹಾಲಿನ ಲೆಕ್ಕದ ಪಕ್ಕದಲ್ಲಿ ತಲೆನೋವಿನ ಲೆಕ್ಕ

"ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೊಳ್ತೀರಿ?"

ನರರೋಗ ತಜ್ಞರು ಮೊದಲು ಕೇಳಿದ್ದೇ ಇದನ್ನು. ಎಷ್ಟು ಮಾತ್ರೆ ಅಂತ ಅಲ್ಲ, ಎಷ್ಟು ದಿನ ಅಂತ. ನನಗೆ ಉತ್ತರ ಹೇಳಲು ಆಗಲಿಲ್ಲ. ಹತ್ತು ವರ್ಷದಿಂದ ಅರೆತಲೆನೋವು ಇದೆ, ಆದರೆ ಅದನ್ನು ಎಣಿಸಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಮನೆಗೆ ಬಂದವಳೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಗುರುತು ಹಾಕಲು ಶುರು ಮಾಡಿದೆ. ತಲೆನೋವು ಬಂದ ದಿನ ಒಂದು ಗೀಟು. ಮಾತ್ರೆ ನುಂಗಿದ ದಿನ ಒಂದು ಸೊನ್ನೆ. ತಿಂಗಳ ಕೊನೆಗೆ ನೋಡಿದರೆ 17 ಗೀಟು, 14 ಸೊನ್ನೆ.

ಆ 14 ಸೊನ್ನೆಗಳೇ ನನ್ನ ತೊಂದರೆಯ ಅರ್ಧ ಭಾಗ ಅಂತ ಗೊತ್ತಾಗಲು ಮೈಗ್ರೇನ್ ಬಗ್ಗೆ ಒಂದಿಷ್ಟು ಓದಬೇಕಾಯಿತು.

ನಮ್ಮ ಮನೆಯಲ್ಲಿ ಇದಕ್ಕೆ ಮೈಗ್ರೇನ್ ಎಂಬ ಹೆಸರೇ ಇರಲಿಲ್ಲ. ಅಮ್ಮ "ಪಿತ್ತ ಜಾಸ್ತಿಯಾಗಿದೆ" ಅನ್ನುತ್ತಿದ್ದಳು. ತಲೆಗೆ ಟವೆಲ್ ಬಿಗಿದು ಕಟ್ಟಿ, ಕಿಟಕಿ ಮುಚ್ಚಿ, ಕತ್ತಲೆಯಲ್ಲಿ ಮಲಗುತ್ತಿದ್ದಳು. ಸಂಜೆ ಹೊತ್ತಿಗೆ ಹಳದಿ ನೀರು ವಾಂತಿಯಾದರೆ ನೋವು ಇಳಿಯುತ್ತಿತ್ತು. ಪಿತ್ತ ಹೊರಗೆ ಬಂತು, ತಲೆ ಹಗುರವಾಯಿತು ಅನ್ನೋದು ಎಲ್ಲರ ನಂಬಿಕೆ. ಆದರೆ ಇಲ್ಲಿ ಪಿತ್ತ ನೋವಿಗೆ ಕಾರಣ ಅಲ್ಲ. ನೋವು ಮತ್ತು ವಾಂತಿ ಎರಡೂ ಒಂದೇ ಕಡೆಯಿಂದ ಶುರುವಾಗುತ್ತವೆ, ಮಿದುಳಿನಿಂದ. ಅಮ್ಮನಂಥವರು ಎಷ್ಟೋ ಜನ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ಸಂಶೋಧಕರು 2,329 ಜನರನ್ನು ಮನೆ ಮನೆಗೆ ಹೋಗಿ ಮಾತಾಡಿಸಿದ್ದರು. 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಒಂದು ವರ್ಷದಲ್ಲಿ ನೂರರಲ್ಲಿ 25 ಜನರಿಗೆ ಮೈಗ್ರೇನ್ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ನಗರಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಇದು ಪೇಟೆಯವರ, ಕಂಪ್ಯೂಟರ್ ಮುಂದೆ ಕೂರುವವರ ಕಾಯಿಲೆ ಅಂದುಕೊಂಡಿದ್ದ ನನಗೆ ಈ ಕೊನೆಯ ಮಾತು ಓದಿ ಆಶ್ಚರ್ಯವಾಯಿತು.

ಹಾಗಾದರೆ ತಲೆಯೊಳಗೆ ನಿಜವಾಗಿ ಆಗೋದೇನು? ಇದರ ಮೊದಲ ಸುಳಿವು ಸಿಕ್ಕಿದ್ದು ಒಬ್ಬ ವಿಜ್ಞಾನಿಯ ಸ್ವಂತ ಕಾಯಿಲೆಯಿಂದ. ಮೈಗ್ರೇನ್ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆಗಳು ಕಾಣುತ್ತವೆ. ಇದಕ್ಕೆ ಔರಾ ಅನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿಗೆ ಇದು ಆಗಾಗ ಬರುತ್ತಿತ್ತು. ಬಂದಾಗಲೆಲ್ಲ ಆ ಗೆರೆಗಳು ಎಲ್ಲಿಂದ ಎಲ್ಲಿಗೆ ಸರಿಯುತ್ತಿವೆ ಅಂತ ಚಿತ್ರ ಬರೆದಿಟ್ಟರು. ಕಣ್ಣಿಗೆ ಕಾಣುವ ಯಾವ ಜಾಗ ಮಿದುಳಿನ ಯಾವ ಜಾಗಕ್ಕೆ ಸೇರಿದ್ದು ಅನ್ನೋದು ಆಗಲೇ ಗೊತ್ತಿತ್ತು. ಅದನ್ನಿಟ್ಟುಕೊಂಡು 1941ರಲ್ಲಿ ಲೆಕ್ಕ ಹಾಕಿದರು: ಮಿದುಳಿನ ಹಿಂಭಾಗದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿದುಹೋಗುತ್ತಿದೆ. ಮೂರು ವರ್ಷ ಕಳೆದ ಮೇಲೆ, ಬ್ರೆಜಿಲ್‌ನ ಅರಿಸ್ಟಿಡೆಸ್ ಲಿಯಾವೊ ಮೊಲಗಳ ಮಿದುಳನ್ನು ಪರೀಕ್ಷಿಸುವಾಗ ಅಂಥದೇ ಅಲೆಯೊಂದನ್ನು ಕಂಡರು. ಅಲೆ ಹಾದುಹೋದ ಕಡೆ ನರಕೋಶಗಳು ಮೊದಲು ಉರಿದೆದ್ದು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದವು. ಮನುಷ್ಯರಲ್ಲಿ ಇದನ್ನು ಸ್ಕ್ಯಾನ್ ಮಾಡಿ ನೋಡಲು 2001ರವರೆಗೆ ಕಾಯಬೇಕಾಯಿತು. ಔರಾ ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಕೊನೆಗೆ, ಬ್ಯಾಸ್ಕೆಟ್‌ಬಾಲ್ ಆಡಿದರೆ ಔರಾ ಬರುವ ಒಬ್ಬ ವ್ಯಕ್ತಿ ಸಿಕ್ಕರು. ಅವರನ್ನು ಆಡಿಸಿ, ಆಮೇಲೆ ಸ್ಕ್ಯಾನರ್ ಒಳಗೆ ಮಲಗಿಸಿದರು. ಅಲೆಯ ವೇಗ ನಿಮಿಷಕ್ಕೆ 3.5 ಮಿಲಿಮೀಟರ್ ಇತ್ತು! ಅರವತ್ತು ವರ್ಷದ ಹಿಂದೆ ಪೆನ್ನು ಕಾಗದ ಹಿಡಿದು ಹಾಕಿದ ಲೆಕ್ಕ ಅಷ್ಟು ಹತ್ತಿರ ಬಂದಿತ್ತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ಇನ್ನು ನೋವಿನ ಮಾತು. ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ಅದನ್ನು ಸುತ್ತಿರುವ ಪೊರೆಗೆ ಮತ್ತು ಆ ಪೊರೆಯ ರಕ್ತನಾಳಗಳಿಗೆ ತಿಳಿಯುತ್ತದೆ. ಅಲ್ಲಿಂದ ಸುದ್ದಿ ಒಯ್ಯುವುದು ಟ್ರೈಜೆಮಿನಲ್ ನರ. ಮುಖ, ಹಲ್ಲು, ಕಣ್ಣು, ಹಣೆ ಇವುಗಳಿಗೂ ಅದೇ ನರ. ಹಾಗಾಗಿಯೇ ಮೈಗ್ರೇನ್ ಇರುವವರು ಸೈನಸ್ ಅಂದುಕೊಂಡು ಮೂಗಿಗೆ, ಕನ್ನಡಕ ಬೇಕೇನೋ ಅಂದುಕೊಂಡು ಕಣ್ಣಿಗೆ ಚಿಕಿತ್ಸೆ ಮಾಡಿಸಿಕೊಂಡು ವರ್ಷಗಟ್ಟಲೆ ಓಡಾಡುತ್ತಾರೆ. ಮೈಗ್ರೇನ್ ಬಂದಾಗ ಈ ನರದ ತುದಿಗಳು ಸಿಜಿಆರ್‌ಪಿ ಎಂಬ ಒಂದು ಚಿಕ್ಕ ಪ್ರೋಟೀನ್ ತುಣುಕನ್ನು ಚೆಲ್ಲುತ್ತವೆ. ನೋವು ಇರುವಾಗಲೇ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಅದರಲ್ಲಿ ಸಿಜಿಆರ್‌ಪಿ ಏರಿರುವುದನ್ನು ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ 1990ರಲ್ಲಿ ತೋರಿಸಿದರು. ಇವರಿಗೂ ಇನ್ನಿಬ್ಬರಿಗೂ 2021ರಲ್ಲಿ, ಮಿದುಳಿನ ಸಂಶೋಧನೆಗೆ ಕೊಡುವ ಬ್ರೈನ್ ಪ್ರೈಜ್ ಬಂತು. ತಲೆನೋವು ಅಂದರೆ ನಾಟಕ, ಕೆಲಸ ತಪ್ಪಿಸಿಕೊಳ್ಳುವ ನೆಪ ಅಂತ ಕೇಳಿಸಿಕೊಂಡು ಬಂದವರಿಗೆ ಈ ಸಂಗತಿ ತುಂಬಾ ದೊಡ್ಡದು. ನೋವು ರಕ್ತದಲ್ಲಿ ಅಳೆಯಲು ಸಿಕ್ಕಿತು, ಅಲ್ವಾ?

ಮೈಗ್ರೇನ್ ಇರುವ ಮಿದುಳು ಬದಲಾವಣೆಯನ್ನು ಸಹಿಸುವುದಿಲ್ಲ. ಹೊತ್ತು ಮೀರಿದ ಊಟ, ಏಕಾದಶಿ ಉಪವಾಸ, ವಾರವಿಡೀ ನಿದ್ದೆಗೆಟ್ಟು ಭಾನುವಾರ ಒಂಬತ್ತು ಗಂಟೆವರೆಗೆ ಮಲಗುವುದು, ಮುಟ್ಟಿನ ಹೊತ್ತಿಗೆ ಈಸ್ಟ್ರೋಜನ್ ಇಳಿಯುವುದು, ಇವೆಲ್ಲ ನೋವನ್ನು ಎಬ್ಬಿಸಬಹುದು. ನಮ್ಮ ಕಡೆಯದೇ ಒಂದು ಕಾರಣ ಹೇಳುತ್ತೇನೆ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನೇ ಗಂಟು ಕಟ್ಟಿ ಪೂಜೆಗೆ ನಿಂತರೆ ಮಧ್ಯಾಹ್ನಕ್ಕೆ ತಲೆನೋವು ಬರುತ್ತದೆ ಅಂತ ಅಮ್ಮ ಹೇಳುತ್ತಿದ್ದಳು. ಹೊರದೇಶದ ಪುಸ್ತಕಗಳಲ್ಲಿ ಇದನ್ನು ಹುಡುಕಿದರೆ ಎಲ್ಲಿ ಸಿಗುತ್ತದೆ? ಮುಂಬೈನ ತಲೆನೋವು ತಜ್ಞ ಕೆ. ರವಿಶಂಕರ್ ಇಂಥ ಮಾತನ್ನು ತಳ್ಳಿಹಾಕದೆ ಬರೆದಿಟ್ಟುಕೊಂಡರು. ತಲೆಸ್ನಾನದಿಂದ ಮೈಗ್ರೇನ್ ಬರುವ 94 ಭಾರತೀಯರ ಬಗ್ಗೆ 2006ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗಿಯ ಮಾತನ್ನು ಕೇಳಿಸಿಕೊಳ್ಳುವ ವೈದ್ಯರ ಮೇಲೆ ನನಗೆ ಅಪಾರ ಗೌರವ.

ಆದರೆ ಎಲ್ಲವನ್ನೂ ಕಾರಣ ಅಂತ ಹಿಡಿಯಲು ಹೋಗಬಾರದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮೈಗ್ರೇನ್ ಇರುವ ಒಬ್ಬ ಮಹಿಳೆಯನ್ನು 30 ದಿನ, ದಿನವೂ ಸ್ಕ್ಯಾನ್ ಮಾಡಿದರು. ಹಸಿವು, ನಿದ್ದೆ, ಬಾಯಾರಿಕೆ ನೋಡಿಕೊಳ್ಳುವ ಹೈಪೋಥಲಾಮಸ್ ಎಂಬ ಭಾಗ ನೋವಿಗೆ ಒಂದು ದಿನ ಮೊದಲೇ ಬದಲಾಗಿತ್ತು. ಅಂದರೆ ಹಿಂದಿನ ದಿನದ ಆಕಳಿಕೆ, ಕತ್ತು ಬಿಗಿಯುವುದು, ಸಿಹಿ ತಿನ್ನಬೇಕು ಅನ್ನಿಸುವುದು ಇವು ಎಷ್ಟೋ ಸಲ ಮೈಗ್ರೇನ್ ಆಗಲೇ ಶುರುವಾಗಿರುವುದರ ಗುರುತು. ಚಾಕೊಲೇಟ್ ತಿಂದಿದ್ದರಿಂದ ತಲೆನೋವು ಬಂತೋ, ತಲೆನೋವು ಬರುತ್ತಿದ್ದುದರಿಂದ ಚಾಕೊಲೇಟ್ ಬೇಕೆನಿಸಿತೋ? ಇದು ಗೊತ್ತಾಗದೆ ನಾನು ಎರಡು ವರ್ಷ ಅದನ್ನೂ ಇದನ್ನೂ ಬಿಟ್ಟು ನೋಡಿದೆ. ಊಟದ ಖುಷಿ ಹೋಯಿತೇ ಹೊರತು ತಲೆನೋವು ಹೋಗಲಿಲ್ಲ.

ಈಗ ಮಾತ್ರೆಗೆ ಬರೋಣ. ಇಲ್ಲಿ ಎರಡು ಮಾತುಗಳಿವೆ, ಮತ್ತು ಅವು ಒಂದಕ್ಕೊಂದು ಜಗಳವಾಡುವಂತೆ ಕಾಣುತ್ತವೆ.

ಮೊದಲನೆಯದು, ಮಾತ್ರೆಯನ್ನು ಬೇಗ ತಗೊಳ್ಳಬೇಕು. ಮೈಗ್ರೇನ್ ಜೋರಾದಾಗ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದೆ. ನುಂಗಿದ ಮಾತ್ರೆ ಅಲ್ಲೇ ಕೂರುತ್ತದೆ, ಇಲ್ಲವೇ ವಾಂತಿಯಲ್ಲಿ ಹೋಗುತ್ತದೆ. "ಇನ್ನೂ ಸ್ವಲ್ಪ ತಡೆದು ನೋಡೋಣ" ಅಂತ ಸಂಜೆವರೆಗೆ ಕಾದು ನುಂಗಿದರೆ ಕೆಲಸಕ್ಕೆ ಬರುವುದಿಲ್ಲ. ವಾಂತಿ ತಡೆಯುವ ಮಾತ್ರೆಯನ್ನು ಜೊತೆಗೆ ಕೊಡುವುದೂ ಇದಕ್ಕೇ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಸಾಲದಿದ್ದರೆ ಟ್ರಿಪ್ಟಾನ್ ಎಂಬ ಔಷಧಗಳಿವೆ. ಮೊದಲನೆಯದಾದ ಸುಮಾಟ್ರಿಪ್ಟಾನ್ 1991ರಲ್ಲಿ ಬಂತು. ಇವು ಮೈಗ್ರೇನ್‌ಗೆಂದೇ ಮಾಡಿದವು, ಆದರೆ ಹೃದಯದ ಕಾಯಿಲೆ ಇದ್ದವರಿಗೆ, ಪಾರ್ಶ್ವವಾಯು ಆಗಿದ್ದವರಿಗೆ ಕೊಡುವುದಿಲ್ಲ. ವೈದ್ಯರು ಬರೆದುಕೊಟ್ಟರೆ ಮಾತ್ರ ತಗೊಳ್ಳಬೇಕು.

ಎರಡನೆಯದು, ಮಾತ್ರೆಯನ್ನು ಪದೇ ಪದೇ ತಗೊಳ್ಳಬಾರದು. ಮೈಗ್ರೇನ್ ಇರುವವರು ನೋವಿನ ಮಾತ್ರೆಯನ್ನು ತಿಂಗಳಲ್ಲಿ ತುಂಬಾ ದಿನ ತಗೊಂಡರೆ, ಆ ಮಾತ್ರೆಯೇ ಮುಂದಿನ ತಲೆನೋವನ್ನು ತರತೊಡಗುತ್ತದೆ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥವಕ್ಕೆ ಮಿತಿ ತಿಂಗಳಿಗೆ 15 ದಿನ. ಟ್ರಿಪ್ಟಾನ್‌ಗೆ, ಎರ್ಗೋಟಮಿನ್ ಎಂಬ ಹಳೆಯ ಮೈಗ್ರೇನ್ ಔಷಧಕ್ಕೆ, ಕೆಫೀನ್ ಸೇರಿಸಿದ ಮಿಶ್ರ ಮಾತ್ರೆಗಳಿಗೆ ಬರೀ 10 ದಿನ. ಈ ಮಿತಿ ದಾಟಿ ಮೂರು ತಿಂಗಳು ಮುಂದುವರಿದರೆ ಅಪಾಯ. ವಿಚಿತ್ರ ಏನೆಂದರೆ, ಮಂಡಿನೋವಿಗೆ ದಿನವೂ ಅದೇ ಮಾತ್ರೆ ನುಂಗುವವರಿಗೆ, ಅವರಿಗೆ ಮೈಗ್ರೇನ್ ಇಲ್ಲದಿದ್ದರೆ, ಸಾಮಾನ್ಯವಾಗಿ ಹೀಗಾಗುವುದಿಲ್ಲ. ಪದೇ ಪದೇ ಮಾತ್ರೆ ಕೊಟ್ಟರೆ ಮೈಗ್ರೇನ್ ಮಿದುಳಿನ ನೋವಿನ ದಾರಿ ಇನ್ನಷ್ಟು ಸೂಕ್ಷ್ಮವಾಗುತ್ತದೆ. ನಾನು ಮೆಡಿಕಲ್ ಶಾಪಿನಲ್ಲಿ "ತಲೆನೋವಿಗೆ ಒಂದು ಕೊಡಿ" ಅಂತ ಕೇಳಿ ತರುತ್ತಿದ್ದುದು ಕೆಫೀನ್ ಸೇರಿಸಿದ ಮಿಶ್ರ ಮಾತ್ರೆ. ನನ್ನ ಕ್ಯಾಲೆಂಡರಿನಲ್ಲಿ ಸೊನ್ನೆಗಳು 14.

ಬೇಗ ತಗೊಳ್ಳಬೇಕು, ಆದರೆ ಪದೇ ಪದೇ ತಗೊಳ್ಳಬಾರದು. ತಿಂಗಳಿಗೆ ಎರಡು ಸಲ ನೋವು ಬರುವವರಿಗೆ ಇದು ಕಷ್ಟವಲ್ಲ. ತಿಂಗಳಲ್ಲಿ 17 ದಿನ ನೋವಿರುವವರು ಏನು ಮಾಡಬೇಕು? ಇದಕ್ಕೆ ಉತ್ತರ ನೋವಿನ ಮಾತ್ರೆಯಲ್ಲಿಲ್ಲ. ನೋವು ಬರದಂತೆ ತಡೆಯಲು ದಿನವೂ ತಗೊಳ್ಳುವ ಔಷಧಗಳೇ ಬೇರೆ ಇವೆ. ಬೇಸರದ ಸಂಗತಿ ಎಂದರೆ, ಇಂಥ ಔಷಧ ಇದೆ ಅನ್ನೋದೇ ತುಂಬಾ ಜನರಿಗೆ ಗೊತ್ತಿಲ್ಲ.

ಇವುಗಳಲ್ಲಿ ಹೆಚ್ಚಿನವು ಬೇರೆ ಕಾಯಿಲೆಗೆ ಬಂದವು. ಎದೆನೋವಿಗೆ ಪ್ರೊಪ್ರನಲಾಲ್ ತಗೊಳ್ಳುತ್ತಿದ್ದಾಗ ಮೈಗ್ರೇನ್ ಕಡಿಮೆಯಾಗಿದ್ದು 1966ರಲ್ಲಿ ವರದಿಯಾಯಿತು. ಆಸ್ತಮಾ ಇದ್ದವರಿಗೆ ಅದು ಆಗುವುದಿಲ್ಲ. ಟೋಪಿರಮೇಟ್ ಮತ್ತು ವಾಲ್ಪ್ರೊಯೇಟ್ ಮೂರ್ಛೆರೋಗದ ಔಷಧಗಳು. ಇವೆರಡೂ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡಬಲ್ಲವು, ಗರ್ಭಿಣಿಯಾಗುವ ಸಾಧ್ಯತೆ ಇರುವವರು ಇದನ್ನು ವೈದ್ಯರಿಗೆ ಹೇಳಲೇಬೇಕು. ನಮ್ಮಲ್ಲಿ ಫ್ಲುನಾರಿಜಿನ್ ಕೂಡ ಬಳಕೆಯಲ್ಲಿದೆ, ಕೆಲವರಿಗೆ ಅದರಿಂದ ನಿದ್ದೆ, ತೂಕ ಜಾಸ್ತಿ. ಮೈಗ್ರೇನ್‌ಗೆಂದೇ ತಯಾರಾದವು ಹೊಸ ಚುಚ್ಚುಮದ್ದುಗಳು. ಸಿಜಿಆರ್‌ಪಿ ಕೆಲಸ ಮಾಡದಂತೆ ತಡೆಯುವ ಪ್ರತಿಕಾಯಗಳು ಇವು, ಮೊದಲನೆಯದಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಮಾತ್ರ ಜಾಸ್ತಿ. ಔಷಧದ ಜೊತೆಗೆ ಯೋಗವೂ ನೆರವಾಗುತ್ತದೆ. ದೆಹಲಿಯ ಏಮ್ಸ್‌ನವರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬರೀ ಔಷಧ ತಗೊಂಡವರಿಗಿಂತ ಔಷಧ ಮತ್ತು ಯೋಗ ಎರಡನ್ನೂ ಮಾಡಿದವರಿಗೆ ನೋವು ಇನ್ನಷ್ಟು ತಗ್ಗಿತ್ತು.

ನನಗೆ ಬರೆದುಕೊಟ್ಟಿದ್ದು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್. ನೆಂಟರೊಬ್ಬರು ಚೀಟಿ ನೋಡಿ "ಇದು ಡಿಪ್ರೆಶನ್ ಮಾತ್ರೆ, ಯಾಕೆ ತಗೊಳ್ತೀಯಮ್ಮ" ಅಂತ ಗಾಬರಿಪಟ್ಟರು. ಖಿನ್ನತೆಗೆ ಅದನ್ನು ಕೊಡುವುದು ನಿಜ. ಆದರೆ ಮೈಗ್ರೇನ್‌ಗೆ ಅದರಲ್ಲಿ ಸ್ವಲ್ಪವೇ ಸಾಕು, ಮತ್ತು ಅದು ಖಿನ್ನತೆ ಇಲ್ಲದವರಿಗೂ ಕೆಲಸ ಮಾಡುತ್ತದೆ. ಇನ್ನೊಂದು ಮಾತು: ಇವು ಪರಿಣಾಮ ತೋರಿಸಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನ ನುಂಗಿ "ಏನೂ ಪ್ರಯೋಜನವಿಲ್ಲ" ಅಂತ ಬಿಟ್ಟವರು ನಿಜವಾಗಿ ಪ್ರಯತ್ನಿಸಿ ನೋಡಿಲ್ಲ. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ವೈದ್ಯರು ಅದನ್ನು ಗೆಲುವು ಅಂತಲೇ ಎಣಿಸುತ್ತಾರೆ.

ಅಮೃತಾಂಜನ ಹಚ್ಚುವುದನ್ನು ನಾನು ಬಿಟ್ಟಿಲ್ಲ. 1893ರಲ್ಲಿ ನಾಗೇಶ್ವರರಾವ್ ಪಂತುಲು ಬಾಂಬೆಯಲ್ಲಿ ಶುರು ಮಾಡಿದ ಬಾಮ್ ಅದು. ಅದರಲ್ಲಿರುವ ಮೆಂಥಾಲ್, ಚಳಿಯನ್ನು ತಿಳಿಯುವ ಟಿಆರ್‌ಪಿಎಂ8 ಎಂಬ ಬಾಗಿಲನ್ನು ನರದ ತುದಿಯಲ್ಲಿ ತೆರೆಯುತ್ತದೆ. ಮೈಗ್ರೇನ್ ಜೊತೆ ನಂಟಿರುವ ಜೀನ್‌ಗಳನ್ನು ಹುಡುಕಿದಾಗ ಸಿಕ್ಕವುಗಳಲ್ಲಿ ಈ ಬಾಗಿಲಿನ ಜೀನ್ ಕೂಡ ಒಂದು. ಬಾಮ್‌ನಿಂದ ಮೈಗ್ರೇನ್ ವಾಸಿಯಾಗುವುದಿಲ್ಲ, ಹಣೆಗೆ ತಂಪಾಗುತ್ತದೆ. ಆ ಹೊತ್ತಿನಲ್ಲಿ ಅಷ್ಟಾದರೂ ಬೇಕು.

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಸಿಡಿಲು ಬಡಿದ ಹಾಗೆ ಒಂದೇ ಸಲಕ್ಕೆ ಬರುವ ನೋವು, ಜ್ವರದ ಜೊತೆ ಕತ್ತು ಬಗ್ಗದಿರುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ನೋವು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಐವತ್ತು ದಾಟಿದ ಮೇಲೆ ಮೊದಲ ಬಾರಿ ಶುರುವಾದ ತಲೆನೋವನ್ನೂ ಬೇಗ ತೋರಿಸಿಕೊಳ್ಳಬೇಕು. ಔರಾ ಇರುವ ಹೆಂಗಸರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ತಗೊಳ್ಳುವ ಮೊದಲು ವೈದ್ಯರಿಗೆ ಔರಾ ವಿಷಯ ಹೇಳಬೇಕು. ಎರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು.

ಮಿಶ್ರ ಮಾತ್ರೆ ನಿಲ್ಲಿಸಿದ ಮೊದಲ ವಾರ ಕಷ್ಟವಾಯಿತು. ಹೀಗಾಗುತ್ತದೆ ಅಂತ ವೈದ್ಯರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಮನೆಯವರು ಕುಕ್ಕರ್ ಇಡದೆ ಪಾತ್ರೆಯಲ್ಲಿ ಅನ್ನ ಮಾಡಿದರು, ಟಿವಿ ಹಾಕಲಿಲ್ಲ. ನಾಲ್ಕನೇ ತಿಂಗಳು ಗೀಟುಗಳು 7, ಸೊನ್ನೆಗಳು 4.

ಈಗ ಅದೇ ಕ್ಯಾಲೆಂಡರಿನಲ್ಲಿ ಮಗಳ ಗೀಟುಗಳೂ ಇವೆ. ಮೈಗ್ರೇನ್ ಮನೆತನದಲ್ಲಿ ಹರಿದು ಬರುತ್ತದೆ. ಮಕ್ಕಳಲ್ಲಿ ನೋವು ಎಷ್ಟೋ ಸಲ ತಲೆಯ ಎರಡೂ ಕಡೆ ಇರುತ್ತದೆ, ದೊಡ್ಡವರಷ್ಟು ಹೊತ್ತು ಇರುವುದಿಲ್ಲ, ಒಂದು ನಿದ್ದೆ ಮಾಡಿ ಎದ್ದರೆ ಹೋಗಿರುತ್ತದೆ. ಹಾಗಾಗಿ ಸ್ಕೂಲು ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಅಂತ ಅನ್ನಿಸಿಬಿಡುತ್ತದೆ. ನಾವು ಹಾಗೆ ಅಂದುಕೊಳ್ಳಲಿಲ್ಲ. ಬೆಳಿಗ್ಗೆ ತಿಂಡಿ ತಪ್ಪಿಸುವುದನ್ನು ನಿಲ್ಲಿಸಿದೆವು, ಮಲಗುವ ಹೊತ್ತನ್ನು ಗಟ್ಟಿ ಮಾಡಿದೆವು. ಅವಳು ತನ್ನ ಗೀಟನ್ನು ತಾನೇ ನೀಲಿ ಪೆನ್ನಿನಲ್ಲಿ ಹಾಕುತ್ತಾಳೆ. ಈ ತಿಂಗಳು ಎರಡು.