ಬ್ರೌಸರ್‌ನಲ್ಲಿ ಸೈಟಿನ ವಿಳಾಸದ ಪಕ್ಕ ಬೀಗದ ಗುರುತು ಇದೆಯಲ್ಲ, ಹಾಡಿನ ಆ್ಯಪ್‌ನಲ್ಲಿ ನಾನು ಕೇಳುವ ಹಾಡು ಯಾರಿಗೂ ಗೊತ್ತಾಗಲ್ಲ ಅಲ್ವಾ?

ಗೊತ್ತಾಗುತ್ತದೆ. ಬೀಗ ಇರುವುದು ದಾರಿಗೆ ಮಾತ್ರ. ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದರೆ ಅಂಚೆಯವರು ಓದಲಾರರು, ಆದರೆ ಯಾರಿಗೆ ಬರೆದಿರೋ ಅವರು ಓದೇ ಓದುತ್ತಾರೆ. ಇಲ್ಲಿ ನೀವು ಬರೆಯುತ್ತಿರುವುದು ಆ್ಯಪ್ ಕಂಪನಿಗೇ. ಇನ್ನು ಲಕೋಟೆ ಮೇಲಿನ ವಿಳಾಸ, ಅಂದರೆ ಯಾವ ಸೈಟಿಗೆ ಹೋದಿರಿ ಅನ್ನೋದು, ಇಂಟರ್ನೆಟ್ ಕೊಡುವವರಿಗೂ ಸಾಮಾನ್ಯವಾಗಿ ಕಾಣುತ್ತದೆ.

ರಾತ್ರಿ ಎರಡು ಗಂಟೆಗೆ ಒಂದು ಹಾಡು ಒತ್ತಿದಿರಿ, ಹತ್ತು ಸೆಕೆಂಡಿಗೆ ಬೇಜಾರಾಗಿ ಮುಂದಿನದಕ್ಕೆ ಹೋದಿರಿ ಅಂತಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ, ಯಾವ ಫೋನಿನಲ್ಲಿ, ಹುಡುಕಿ ಹಾಕಿದ್ದೋ ಆ್ಯಪ್ ತಾನೇ ತಂದಿಟ್ಟಿದ್ದೋ, ಎಷ್ಟನೇ ಸೆಕೆಂಡಿಗೆ ಬಿಟ್ಟಿರಿ, ಇದೆಲ್ಲ ದಾಖಲಾಗಬಹುದು. ಸ್ವಲ್ಪ ಲೆಕ್ಕ ಬೇಕಾದ್ದೇ ಅನ್ನಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಓಡಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ, ಹಾಡಿನವರಿಗೆ ದುಡ್ಡು ಹೋಗುವುದು ಅದರ ಮೇಲೆ. ನನ್ನ ತಕರಾರು ಎಣಿಕೆ ಬಗ್ಗೆ ಅಲ್ಲ. ಎಣಿಸಿದ್ದನ್ನೇ ಇಟ್ಟುಕೊಂಡು ನಾನು ಎಂಥವನು ಅಂತ ಊಹಿಸಿ, ಆ ಊಹೆಯ ಮೇಲೆ ಜಾಹೀರಾತು ಮಾರುತ್ತಾರಲ್ಲ, ಅದರ ಬಗ್ಗೆ.

ಇದು ಹೊಸ ಚಾಳಿಯೂ ಅಲ್ಲ. 1999ರಲ್ಲೇ ರಿಯಲ್‌ಜೂಕ್‌ಬಾಕ್ಸ್ ಅನ್ನುವ ಪ್ಲೇಯರ್ ಸಿಕ್ಕಿಬಿತ್ತು. ನೀವು ಯಾವ ಸಿಡಿ ಹಾಕಿದಿರಿ ಅನ್ನೋದನ್ನು ಪ್ರತಿಯೊಬ್ಬರಿಗೂ ಕೊಟ್ಟಿದ್ದ ಗುರುತಿನ ಸಂಖ್ಯೆ ಜೊತೆ ಅದು ಸದ್ದಿಲ್ಲದೆ ಕಂಪನಿಗೆ ಕಳಿಸುತ್ತಿತ್ತು. ಕಂಪನಿ ಕ್ಷಮೆ ಕೇಳಿತು. 2005ರಲ್ಲಿ ಸೋನಿ ಬಿಎಂಜಿ ಅನ್ನುವ ಸಂಗೀತ ಕಂಪನಿಯ ಕತೆ ಇನ್ನೂ ಕೆಟ್ಟದ್ದು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಅವರ ಕೆಲವು ಸಿಡಿಗಳನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ನಕಲು ತಡೆಯುವ ನೆಪದಲ್ಲಿ ಒಂದು ರೂಟ್‌ಕಿಟ್, ಅಂದರೆ ಕಂಪ್ಯೂಟರಿನ ಆಳದಲ್ಲಿ ಅಡಗಿ ಕೆಲಸ ಮಾಡುವ ತಂತ್ರಾಂಶ, ಒಳಗೆ ಕೂರುತ್ತಿತ್ತು. ಒಂದು ಬಗೆಯ ಹೆಸರಿರುವ ಫೈಲ್‌ಗಳನ್ನೆಲ್ಲ ಅದು ಕಣ್ಣಿಗೆ ಬೀಳದ ಹಾಗೆ ಅಡಗಿಸುತ್ತಿತ್ತು. ವೈರಸ್ ಬರೆಯುವವರಿಗೆ ಇನ್ನೇನು ಬೇಕು? ತಮ್ಮ ಫೈಲಿಗೂ ಅದೇ ಥರ ಹೆಸರಿಟ್ಟರು. ಆ ರೂಟ್‌ಕಿಟ್ ತೆಗೆಯಲು ಕಂಪನಿ ಕೊಟ್ಟ ಸಾಧನವೇ ಇನ್ನೊಂದು ಕಿಂಡಿ ತೆರೆಯಿತು! ಕೊನೆಗೆ ಸಿಡಿಗಳನ್ನೇ ವಾಪಸ್ ತರಿಸಿಕೊಂಡರು. ಗಮನಿಸಿ, ಕದ್ದು ಇಳಿಸಿಕೊಂಡವರಿಗೆ ಏನೂ ಆಗಲಿಲ್ಲ, ಸಿಕ್ಕಿಹಾಕಿಕೊಂಡಿದ್ದು, ಪಾಪ, ದುಡ್ಡು ಕೊಟ್ಟು ಕೊಂಡವರು.

ಅದಕ್ಕೇ 'ಸೆಕ್ಯೂರಿಟಿ' ಅನ್ನುವ ಪದ ಕಂಡಾಗ ಯಾರಿಂದ ಯಾರಿಗೆ ಭದ್ರತೆ ಅಂತ ಕೇಳುವುದು ನನಗೆ ಅಭ್ಯಾಸವಾಗಿದೆ.

ವಿಪಿಎನ್, ಅಂದರೆ ನಿಮ್ಮ ಇಂಟರ್ನೆಟ್ ಓಡಾಟವನ್ನು ಬೇರೊಂದು ಕಂಪ್ಯೂಟರ್ ಮೂಲಕ ಹಾಯಿಸುವ ಸಾಧನ, ಹಾಕಿದರೆ? ಆ್ಯಪ್‌ಗೆ ಲಾಗಿನ್ ಆಗಿದ್ದೀರಲ್ಲ, ಪ್ರಯೋಜನ ಕಮ್ಮಿ. ಆ್ಯಪ್‌ನಲ್ಲಿರುವ 'ಪ್ರೈವೇಟ್ ಸೆಷನ್' ಆಯ್ಕೆ ನಿಮ್ಮನ್ನು ಮರೆಮಾಡುವುದು ಮುಖ್ಯವಾಗಿ ಸ್ನೇಹಿತರಿಂದ, ಕಂಪನಿಯಿಂದ ಅಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಐಡಿ (ಜಾಹೀರಾತಿಗೆಂದು ಫೋನಿಗೆ ಕೊಟ್ಟ ಗುರುತಿನ ಸಂಖ್ಯೆ) ಅಳಿಸಿ ಅಥವಾ ಟ್ರ್ಯಾಕಿಂಗ್ ಆಫ್ ಮಾಡಿ, ಅದು ಬೇರೆ ಬೇರೆ ಆ್ಯಪ್‌ಗಳು ನಿಮ್ಮನ್ನು ಒಂದೇ ದಾರಕ್ಕೆ ಪೋಣಿಸುವುದನ್ನು ಸ್ವಲ್ಪ ತಡೆಯುತ್ತದೆ. ನಿಜಕ್ಕೂ ಯಾರಿಗೂ ತಿಳಿಯಬಾರದು ಅಂದ್ರೆ ಹಾಡಿನ ಫೈಲನ್ನೇ ಕೊಂಡು, ನೆಟ್ ಬೇಕಿಲ್ಲದ ಸಾದಾ ಪ್ಲೇಯರ್‌ನಲ್ಲಿ ಕೇಳಿ.

ಅದಕ್ಕೂ ಮೊದಲು ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ 'ನನ್ನ ಡೇಟಾ ಕೊಡಿ' ಅನ್ನುವ ಆಯ್ಕೆ ಇದ್ದರೆ ಒಮ್ಮೆ ತರಿಸಿ ನೋಡಿ. ನಾನು ತರಿಸಿದಾಗ ಒಂದೇ ಹಾಡು ಒಂದೇ ರಾತ್ರಿ ಹನ್ನೊಂದು ಸಲ ಓಡಿದ್ದು ಕಂಡಿತು. ಏನಿಲ್ಲ, ಫೋನ್ ಪಕ್ಕಕ್ಕಿಟ್ಟು ನಿದ್ದೆ ಹೋಗಿದ್ದೆ. ಆ್ಯಪ್ ಮಾತ್ರ ನನಗೆ ಅದರ ಮೇಲೆ ಪ್ರಾಣ ಅಂದುಕೊಂಡು ವಾರಗಟ್ಟಲೆ ಅಂಥದ್ದನ್ನೇ ತಂದು ಸುರಿಯಿತು.