ದೆನಾಲಿಯ ನೆತ್ತಿಗೇಕೆ ಹೆಚ್ಚು ವಯಸ್ಸು?

ಅಲಾಸ್ಕಾದ ದೆನಾಲಿ ಉತ್ತರ ಅಮೆರಿಕದ ಅತಿ ಎತ್ತರದ ಶಿಖರ, 6,190 ಮೀಟರ್. ಅದರ ಗ್ರಾನೈಟ್ ನೆಲದಾಳದಲ್ಲಿ ಹೆಪ್ಪುಗಟ್ಟಿದ್ದು ಸುಮಾರು 5.6 ಕೋಟಿ ವರ್ಷಗಳ ಹಿಂದೆ. ಆದರೆ ಕಲ್ಲಿನ ವಯಸ್ಸು ಬೆಟ್ಟದ ವಯಸ್ಸಲ್ಲ. ಬೆಟ್ಟ ಎಂದು ಎದ್ದಿತು ಎಂದು ತಿಳಿಯಲು ಆ ಕಲ್ಲು ಯಾವಾಗ ತಣ್ಣಗಾಯಿತು ಎಂದು ಕೇಳಬೇಕು.

ಉತ್ತರವಿರುವುದು ಗ್ರಾನೈಟಿನೊಳಗಿನ ಅಪಟೈಟ್ ಎಂಬ ಪುಟ್ಟ ಹರಳುಗಳಲ್ಲಿ. ಅವುಗಳಲ್ಲಿ ಲವಲೇಶ ಯುರೇನಿಯಂ ಇರುತ್ತದೆ. ಅಪರೂಪಕ್ಕೊಮ್ಮೆ ಯುರೇನಿಯಂ-238ರ ಒಂದು ಪರಮಾಣು ತಾನಾಗಿಯೇ ಇಬ್ಭಾಗವಾಗಿ ಸಿಡಿಯುತ್ತದೆ. ಎರಡು ಹೋಳುಗಳೂ ಎದುರುಬದುರು ದಿಕ್ಕಿಗೆ ನುಗ್ಗಿ, ಹರಳಿನೊಳಗೆ ಸುಮಾರು 16 ಮೈಕ್ರೋಮೀಟರ್ ಉದ್ದದ ಗಾಯ ಮಾಡುತ್ತವೆ. ಹರಳನ್ನು ಉಜ್ಜಿ ನಯಗೊಳಿಸಿ ನೈಟ್ರಿಕ್ ಆಮ್ಲದಲ್ಲಿ ಕೆಲವು ಸೆಕೆಂಡು ಅದ್ದಿದರೆ ಗಾಯ ಅಗಲವಾಗಿ, ಸೂಕ್ಷ್ಮದರ್ಶಕದಡಿ ಕಪ್ಪು ಗೀರಾಗಿ ಕಾಣುತ್ತದೆ. ಗೀರುಗಳನ್ನು ಒಂದೊಂದಾಗಿ ಎಣಿಸಿ, ಯುರೇನಿಯಂ ಎಷ್ಟಿದೆ ಎಂದು ಅಳೆದರೆ ಗೀರು ಬೀಳತೊಡಗಿದ ಕಾಲ ಸಿಗುತ್ತದೆ.

ಇದರ ಸೊಗಸೆಲ್ಲ ಇರುವುದು ಗೀರುಗಳು ಅಳಿಯುವುದರಲ್ಲಿ. ಸುಮಾರು 110 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅವು ಮಾಸಿಹೋಗುತ್ತವೆ. 60 ಡಿಗ್ರಿಗಿಂತ ಕೆಳಗೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ನಡುವಣ ಬಿಸಿಯಲ್ಲಿ ಕುಗ್ಗುತ್ತಾ ಹೋಗುತ್ತವೆ. 110 ಡಿಗ್ರಿ ಎಂದರೆ ಸಾಮಾನ್ಯವಾಗಿ ನಾಲ್ಕು ಕಿಲೋಮೀಟರ್ ಆಳ. ಮೇಲಿನ ಕಲ್ಲು ಸವೆದಂತೆ ಕೆಳಗಿನದು ಈ ಗಡಿ ದಾಟಿ ಮೇಲೆ ಬರುತ್ತದೆ. ಮೊದಲು ದಾಟಿದ್ದು ನೆತ್ತಿ, ಆದ್ದರಿಂದ ಅದಕ್ಕೇ ಹೆಚ್ಚು ವಯಸ್ಸು.

ಪಾಲ್ ಫಿಟ್ಜ್‌ಜೆರಾಲ್ಡ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೆನಾಲಿಯ ನೆತ್ತಿಯ ಬಳಿಯ ಹರಳುಗಳಿಗೆ ಸುಮಾರು 1.6 ಕೋಟಿ ವರ್ಷ, ಎರಡು ಸಾವಿರ ಮೀಟರ್ ಎತ್ತರದವಕ್ಕೆ 40 ಲಕ್ಷ ವರ್ಷ. ಆದರೆ ಈ ಇಳಿಕೆ ಒಂದೇ ಸಮನಾಗಿಲ್ಲ. 4,500 ಮೀಟರಿನಿಂದ ಮೇಲಕ್ಕೆ ಹೋದಂತೆ ವಯಸ್ಸು ದಡದಡನೆ ಹೆಚ್ಚುತ್ತದೆ. ಅಲ್ಲಿನ ಕಲ್ಲು 60ರಿಂದ 110 ಡಿಗ್ರಿಯ ನಡುವಿನ ಅರೆಬಿಸಿಯ ವಲಯದಲ್ಲಿ ಬಹುಕಾಲ ತಂಗಿತ್ತು. ಅದರ ಕೆಳಗಿನ ಎರಡೂವರೆ ಕಿಲೋಮೀಟರ್ ಉದ್ದಕ್ಕೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ, ಆ ಕಲ್ಲೆಲ್ಲ ಬೇಗಬೇಗನೆ ಮೇಲೆ ಬಂದಿದೆ. ತಿರುವು ಬಿದ್ದಿರುವುದು ಸುಮಾರು 60 ಲಕ್ಷ ವರ್ಷಗಳ ಹಿಂದೆ.

ಇಲ್ಲೊಂದು ಎಚ್ಚರ ಬೇಕು, ಎಷ್ಟೋ ವರದಿಗಳು ಇದನ್ನು ಮರೆಯುತ್ತವೆ. ಹರಳು ದಾಖಲಿಸುವುದು ತಣಿದದ್ದನ್ನು, ಎತ್ತರವನ್ನಲ್ಲ. ಪ್ರಸ್ಥಭೂಮಿಯೊಂದು ಸವೆಯದೆ ಸುಮ್ಮನೆ ಮೇಲೆದ್ದರೆ ಅದರ ಹರಳುಗಳಿಗೆ ಸುದ್ದಿಯೇ ಮುಟ್ಟದು. ದೆನಾಲಿಯಲ್ಲಿ ಮಾತ್ರ ಹಳೆಯ ಅರೆಬಿಸಿ ವಲಯದ ತಳವೇ ಸವೆದುಹೋಗದೆ ಉಳಿದಿದೆ. ಒಂದು ಕಾಲಕ್ಕೆ ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿದ್ದ ಆ ಗೆರೆ ಈಗ ಸಮುದ್ರಮಟ್ಟದಿಂದ 4,500 ಮೀಟರ್ ಮೇಲಿದೆ. ಹಾಗಾಗಿ ಇಲ್ಲಿ ಬೆಟ್ಟ ಸವೆದದ್ದಷ್ಟೇ ಅಲ್ಲ, ಎದ್ದದ್ದನ್ನೂ ಧೈರ್ಯವಾಗಿ ಹೇಳಬಹುದು.